ಸ್ಟೀಕ್ ಊಟಕ್ಕೆ ರೆಡ್ ವೈನ್ ಆರಿಸುವುದು ಹೇಗೆ? ಬೆಳಗಾವಿ ಕಡೆಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಸ್ಟೀಕ್ ಜೊತೆ ಯಾವ ವೈನ್ ಎಂದು ಯಾರನ್ನೇ ಕೇಳಿ, ಮೊದಲು ಬರುವ ಹೆಸರು ಕ್ಯಾಬರ್ನೆ ಸೊವಿನ್ಯಾನ್, ಅದೇ ಹೆಸರಿನ ದ್ರಾಕ್ಷಿಯಿಂದ ಮಾಡುವ, ಒಗರು ಜಾಸ್ತಿ ಇರುವ ರೆಡ್ ವೈನ್. ಆದರೆ ಆ ಉತ್ತರ ಹುಟ್ಟಿದ್ದು ಬೇರೆ ದೇಶದ ಊಟದ ಮೇಜಿನಲ್ಲಿ. ಅಲ್ಲಿ ಎರಡು ಬೆರಳು ದಪ್ಪದ ಬೀಫ್ ತುಂಡು, ಅದರ ಮೇಲೆ ಉಪ್ಪು ಮೆಣಸು ಬಿಟ್ಟರೆ ಏನೂ ಇಲ್ಲ, ಹೊರಗೆ ಚಳಿ. ಬೆಳಗಾವಿಯ ಮನೆಯಲ್ಲಿ ಸ್ಟೀಕ್ ಅಂತ ಮಾಡಿದರೆ ತಟ್ಟೆಗೆ ಬರುವುದು ಬಹಳ ಸಲ ಮಟನ್. ಅದಕ್ಕೆ ಶುಂಠಿ ಬಳ್ಳೊಳ್ಳಿ ಹಚ್ಚಿರುತ್ತೇವೆ, ಕೈ ತಡೆಯದೆ ಒಂದಿಷ್ಟು ಖಾರಪುಡಿ ಬಿದ್ದಿರುತ್ತದೆ, ಮೇಲೆ ನಿಂಬೆ ಹಿಂಡಿರುತ್ತೇವೆ, ಏಪ್ರಿಲ್ ಆಗಿದ್ದರೆ ಊಟದ ಕೋಣೆಯೇ 32 ಡಿಗ್ರಿ ಇರುತ್ತದೆ. ಈ ತಟ್ಟೆಯ ಪಕ್ಕ ಅದೇ ಬಾಟಲಿ ಇಟ್ಟರೆ ವೈನ್ ಕಹಿ ಹೊಡೆಯುತ್ತದೆ, ಗಂಟಲು ಉರಿಯುತ್ತದೆ, ನಮಗೆ ರೆಡ್ ವೈನ್ ಆಗಿಬರಲ್ಲ ಎಂದು ಎಲ್ಲರೂ ಗ್ಲಾಸ್ ಬದಿಗೆ ಸರಿಸುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ಸರಿಯಾದ ಜೋಡಿ ಕೂಡಿಬಂದರೆ ಮಟನ್‌ಗೆ ರೆಡ್ ವೈನ್‌ನಷ್ಟು ಒಗ್ಗುವ ಕುಡಿಯುವ ವಸ್ತು ಇನ್ನೊಂದಿಲ್ಲ.

ಹಾಗಾಗಿ ನಾನು ಹೇಳುವ ಕ್ರಮ ಇದು. ಮೊದಲು ತಟ್ಟೆ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಬಾಟಲಿ. ತಟ್ಟೆಯಲ್ಲಿ ಕೊಬ್ಬು ಎಷ್ಟು, ಖಾರ ಎಷ್ಟು, ಹುಳಿ ಎಷ್ಟು ಎಂದು ನೋಡಿದರೆ ಬಾಟಲಿ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಮಾಂಸ

ಗೋವಾದ ಹೋಟೆಲ್‌ಗಳಲ್ಲಿ ಸ್ಟೀಕ್ ಅಂದರೆ ಬೀಫ್. ನಮ್ಮ ರಾಜ್ಯದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಹಸು, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ, ಅದಕ್ಕೂ ಅಧಿಕಾರಿಯ ಪ್ರಮಾಣಪತ್ರ ಬೇಕು. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸ ಹಂಚಿನ ಮೇಲೆ ಮೂರ್ನಾಲ್ಕು ನಿಮಿಷದಲ್ಲಿ ಮೆತ್ತಗಾಗುವುದೂ ಇಲ್ಲ. ಹಾಗಾಗಿ ಇಲ್ಲಿ ನಾನು ಸ್ಟೀಕ್ ಎನ್ನುವುದು ಮಟನ್‌ಗೆ: ಪಕ್ಕೆಲುಬಿನ ಚಾಪ್ಸ್, ಇಲ್ಲವೇ ತೊಡೆಯನ್ನು ಎಲುಬಿನ ಸಮೇತ ಅಡ್ಡ ಕೊಯ್ದ ತುಂಡು.

ಇಲ್ಲಿ ಒಂದು ಮಾತು ಗಮನಿಸಿ. ಮಟನ್ ಅಂಗಡಿಯಲ್ಲಿ ಕುರಿಯೂ ಸಿಗುತ್ತದೆ, ಆಡೂ ಸಿಗುತ್ತದೆ, ಮತ್ತು ವೈನ್ ಆರಿಸುವಾಗ ಇವೆರಡೂ ಒಂದೇ ಅಲ್ಲ. ಕುರಿಯಲ್ಲಿ ಕೊಬ್ಬು ಜಾಸ್ತಿ. ಚಾಪ್ಸ್‌ನ ಹೊರ ಅಂಚಿನಲ್ಲಿ ಬೆಳ್ಳಗೆ, ಗಟ್ಟಿಯಾಗಿ, ಒಂದು ಪಟ್ಟಿಯ ಹಾಗೆ ಕಾಣುತ್ತದೆ. ಆಡಿನ ಮಾಂಸದಲ್ಲಿ ಆ ಪಟ್ಟಿ ತೆಳ್ಳಗಿರುತ್ತದೆ, ಕೆಲವು ಸಲ ಇರುವುದೇ ಇಲ್ಲ. ಕೊಬ್ಬಿದ್ದರೆ ಗಟ್ಟಿ ವೈನ್, ಅಂದರೆ ಒಗರು ಜಾಸ್ತಿ ಇರುವುದು, ತಡೆಯುತ್ತದೆ, ಕೊಬ್ಬಿಲ್ಲದಿದ್ದರೆ ಒಗರು ಕಡಿಮೆ ಇರುವ ಮೆದು ವೈನ್ ಬೇಕು. ನನ್ನ ಆಯ್ಕೆ ಕುರಿ, ಅದರಲ್ಲೂ ಎಳೆ ಮರಿ. ಬಾಗಲಕೋಟೆ ಕಡೆ ಯಳಗ ಕುರಿ ತಳಿಯೇ ಇದೆ, ಅಮೀನಗಡದ ಕುರಿ ಸಂತೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಕುರಿಗೆ ನಮ್ಮಲ್ಲಿ ಬರವಿಲ್ಲ.

ಅಂಗಡಿಯವರಿಗೆ ಮೊದಲೇ ಹೇಳಿ: ಸಾರಿಗೆ ಕಡಿಯುವ ಹಾಗೆ ಸಣ್ಣ ತುಂಡು ಬೇಡ, ಒಂದು ಇಂಚು ದಪ್ಪ ಇರಲಿ, ಅಂಚಿನ ಚರಬಿ ತೆಗೆಯಬೇಡಿ. ಸುಮ್ನೆ ನಿಂತರೆ ಅಭ್ಯಾಸಬಲದಿಂದ ಅವರು ಚರಬಿ ಸವರಿ ಬಿಸಾಡುತ್ತಾರೆ. ಆ ಚರಬಿಯೇ ನಿಮ್ಮ ವೈನ್‌ನ ಅರ್ಧ ರುಚಿ.

ಯಾಕೆ ಕೊಬ್ಬು ಬೇಕು? ಟ್ಯಾನಿನ್ ವಿಷಯ

ರೆಡ್ ವೈನ್ ಕುಡಿದಾಗ ನಾಲಿಗೆ, ಒಸಡು ಎಲ್ಲ ಒಣಗಿ ಹಿಡಿದಂತಾಗುತ್ತದಲ್ವಾ, ನೇರಳೆಹಣ್ಣು ತಿಂದ ಮೇಲೆ ಆಗುವ ಒಗರಿನ ಹಾಗೆ, ಅದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿನಿಂದ ಬರುತ್ತದೆ, ಓಕ್ ಮರದ ಪೀಪಾಯಿಯಲ್ಲಿ ಇಟ್ಟಿದ್ದರೆ ಅದರಿಂದಲೂ ಸ್ವಲ್ಪ ಬರುತ್ತದೆ. ವೈಟ್ ವೈನ್‌ಗೆ ಬರೀ ರಸ ಹುಳಿಯಲು ಬಿಡುತ್ತಾರೆ, ರೆಡ್ ವೈನ್‌ಗೆ ಸಿಪ್ಪೆಯ ಸಮೇತ. ಬಣ್ಣವೂ ಒಗರೂ ಅಲ್ಲಿಂದಲೇ.

ಈ ಟ್ಯಾನಿನ್ ನಮ್ಮ ಎಂಜಲಿನಲ್ಲಿರುವ ಪ್ರೊಟೀನ್‌ಗೆ ಅಂಟಿಕೊಳ್ಳುತ್ತದೆ. ಆಗ ಬಾಯಿಯ ಜಾರುತನ ಹೋಗಿ ಒಣಗಿದ ಹಾಗೆ ಅನಿಸುತ್ತದೆ. ಬಾಯಲ್ಲಿ ಕೊಬ್ಬು, ಮಾಂಸದ ರಸ, ಉಪ್ಪು ಇದ್ದಾಗ ಆ ಒಗರು ಮೆತ್ತಗಾಗುತ್ತದೆ, ವೈನ್‌ನ ಹಣ್ಣಿನ ರುಚಿ ಮುಂದೆ ಬರುತ್ತದೆ. ಅತ್ತ ವೈನ್ ಕೂಡ ನಾಲಿಗೆಯ ಮೇಲಿನ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ಬಾಯಿ ಸಿದ್ಧ ಮಾಡುತ್ತದೆ. ಇದನ್ನು ನೀವೇ ನೋಡಬಹುದು: ಮೊದಲು ಬರೀ ವೈನ್ ಒಂದು ಗುಟುಕು, ಆಮೇಲೆ ಚರಬಿ ಇರುವ ಒಂದು ತುಂಡು ಅಗಿದು ನುಂಗಿ ಅದೇ ವೈನ್ ಇನ್ನೊಂದು ಗುಟುಕು. ಎರಡನೆಯದು ಬೇರೆ ಬಾಟಲಿಯದು ಅನಿಸಬೇಕು. ಹಾಗೆ ಅನಿಸದಿದ್ದರೆ ತಟ್ಟೆಯಲ್ಲಿ ಉಪ್ಪು ಕಡಿಮೆ ಇದೆ, ಇಲ್ಲವೇ ಮಾಂಸದಲ್ಲಿ ಕೊಬ್ಬು ಸಾಲದು. ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿ ನೋಡಿ, ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಖಾರ ಮತ್ತು ಹುಳಿ

ಉತ್ತರ ಕರ್ನಾಟಕದ ಅಡುಗೆಗೆ ವೈನ್ ಜೋಡಿಸುವಾಗ ದೊಡ್ಡ ಪ್ರಶ್ನೆ ಖಾರದ್ದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನು ಕೆರಳಿಸುತ್ತದೆ, ಆಲ್ಕೋಹಾಲ್ ಕೂಡ ಅವನ್ನೇ ಕೆರಳಿಸುತ್ತದೆ. ಎರಡೂ ಸೇರಿದರೆ ಉರಿಯ ಮೇಲೆ ಉರಿ. ಟ್ಯಾನಿನ್ ಇನ್ನಷ್ಟು ಒರಟಾಗಿ ಕಾಣುತ್ತದೆ, ವೈನ್‌ನ ಹಣ್ಣಿನ ರುಚಿ ಎಲ್ಲೋ ಕಳೆದುಹೋಗುತ್ತದೆ. ಆದ್ದರಿಂದ ಖಾರ ಜಾಸ್ತಿ ಇರುವ ತಟ್ಟೆಗೆ ಆಲ್ಕೋಹಾಲ್ ಕಡಿಮೆ ಇರುವ, ಅಂದರೆ 12.5 ರಿಂದ 13 ಪ್ರತಿಶತದ, ಟ್ಯಾನಿನ್ ಕಡಿಮೆ ಇರುವ, ಓಕ್ ಪೀಪಾಯಿ ಕಾಣದ ವೈನ್ ತನ್ನಿ. 14.5 ಪ್ರತಿಶತದ ಬಾಟಲಿಯನ್ನು ಉಪ್ಪು ಮೆಣಸಿನ ಸ್ಟೀಕ್‌ಗೆ ಎತ್ತಿಡಿ.

ಇನ್ನೊಂದು ದಾರಿ ಖಾರವನ್ನೇ ಬದಲಿಸುವುದು, ನನಗೆ ಇದೇ ಇಷ್ಟ. ಗುಂಟೂರು ಖಾರಪುಡಿ ಬಿಟ್ಟು ಬ್ಯಾಡಗಿ ಹಾಕಿ. ಬಣ್ಣ ಬರುತ್ತದೆ, ಮೆಣಸಿನಕಾಯಿಯ ಘಮ ಬರುತ್ತದೆ, ಉರಿ ಬಹಳ ಕಡಿಮೆ. ಇನ್ನೂ ಚೆನ್ನಾಗಿ ಬೇಕು ಅಂದರೆ ಕೆಂಪು ಖಾರ ಪೂರ್ತಿ ಬಿಟ್ಟು ಕರಿಮೆಣಸು ಕುಟ್ಟಿ ಹಾಕಿ. ಕರಿಮೆಣಸಿನ ಘಮಕ್ಕೆ ಕಾರಣ ರೊಟುಂಡೋನ್ ಎಂಬ ವಸ್ತು. ಶಿರಾಜ್ ಎಂಬ ದ್ರಾಕ್ಷಿಯ ವೈನ್‌ನಲ್ಲಿ ಬರುವ ಮೆಣಸಿನ ವಾಸನೆಗೂ ಅದೇ ರೊಟುಂಡೋನ್ ಕಾರಣ ಎಂದು ಆಸ್ಟ್ರೇಲಿಯದ ವೈನ್ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಮೆಣಸು ಹಚ್ಚಿದ ಚಾಪ್ಸ್ ಜೊತೆ ಶಿರಾಜ್ ಅಷ್ಟು ಸಲೀಸಾಗಿ ಕೂಡುವುದು ಇದಕ್ಕೇ.

ಹುಳಿಯದು ಇನ್ನೊಂದು ಲೆಕ್ಕ. ಊಟದಲ್ಲಿ ಹುಳಿ ಜಾಸ್ತಿಯಾದರೆ ವೈನ್ ಸಪ್ಪೆ ಅನಿಸುತ್ತದೆ. ನಿಂಬೆ ಹಿಂಡಲೇಬೇಕು ಎನ್ನುವ ಮನೆಯಾದರೆ, ವೈನ್‌ನಲ್ಲೂ ಹುಳಿ ಚೆನ್ನಾಗಿರಬೇಕು. ಸಾಂಜೊವೇಸೆ ದ್ರಾಕ್ಷಿ ಅಂಥದ್ದು. ಇಟಲಿಯ ಫ್ಲಾರೆನ್ಸ್‌ನಲ್ಲಿ ಕೆಂಡದ ಮೇಲೆ ಸುಟ್ಟ ದಪ್ಪ ಸ್ಟೀಕ್‌ಗೆ ಅಲ್ಲಿಯದೇ ಕಿಯಾಂಟಿ ವೈನ್ ಕುಡಿಯುತ್ತಾರೆ, ಅದು ಮುಖ್ಯವಾಗಿ ಸಾಂಜೊವೇಸೆಯದು.

ಯಾವ ದ್ರಾಕ್ಷಿ, ಯಾವ ಬಾಟಲಿ

ಕುರಿ ಚಾಪ್ಸ್, ಚರಬಿ ಚೆನ್ನಾಗಿದೆ, ಬರೀ ಉಪ್ಪು, ಬಳ್ಳೊಳ್ಳಿ, ತುಸು ಪುದೀನ: ಇಲ್ಲಿ ಕ್ಯಾಬರ್ನೆಯೇ ರಾಜ. ಫ್ರಾನ್ಸ್‌ನ ಬೋರ್ಡೋ ಪ್ರದೇಶದ ಪೊಯಾಕ್ ಊರು ಕ್ಯಾಬರ್ನೆಗೂ ಹೆಸರುವಾಸಿ, ಎಳೆ ಕುರಿಮರಿಯ ಮಾಂಸಕ್ಕೂ ಹೆಸರುವಾಸಿ, ಅಲ್ಲಿ ಎರಡನ್ನೂ ಜೊತೆಗೇ ಬಡಿಸುತ್ತಾರೆ. ನಮ್ಮಲ್ಲಿ ಹುಡುಕುವುದಾದರೆ ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟಗಳ ಕಡೆ ಬೆಳೆಯುವ ಕೃಷ್ಮಾ ಕಂಪನಿಯ ಕ್ಯಾಬರ್ನೆ ಗಟ್ಟಿಮುಟ್ಟಾದ ವೈನ್, ವಿಶೇಷ ದಿನಕ್ಕೆ ಇಟ್ಟುಕೊಳ್ಳಿ.

ಕರಿಮೆಣಸು, ಹೊಗೆಯ ವಾಸನೆ, ಕೆಂಡದಲ್ಲಿ ಅಂಚು ಕರಕಲಾದದ್ದು: ಶಿರಾಜ್. ನಾಸಿಕ್‌ನ ಸುಲಾ ಕಂಪನಿಯ ಡಿಂಡೋರಿ ರಿಸರ್ವ್ ಶಿರಾಜ್ ದೊಡ್ಡ ಅಂಗಡಿಗಳಲ್ಲಿ ಕಾಣುವ ಬಾಟಲಿ. ಕ್ಯಾಬರ್ನೆ ಮತ್ತು ಶಿರಾಜ್ ಎರಡೂ ಬೆರೆಸಿದ್ದು ಬೇಕಾದರೆ ನಂದಿ ಬೆಟ್ಟದ ಬಳಿಯ ಗ್ರೋವರ್ ಜಾಂಪಾದ ಲಾ ರಿಸರ್ವ್ ಇದೆ. ಮನೆಗೆ ಯಾರು ಬರುತ್ತಾರೋ, ಯಾರಿಗೆ ಏನು ಸೇರುತ್ತದೋ ಗೊತ್ತಿಲ್ಲ ಎನ್ನುವ ದಿನ ಇಂಥ ಮಿಶ್ರಣವೇ ಸುರಕ್ಷಿತ.

ನಿಂಬೆ, ಟೊಮೆಟೊ, ಈರುಳ್ಳಿ ಸಲಾಡ್ ಜೊತೆಗಿದ್ದರೆ ಫ್ರಾಟೆಲ್ಲಿ ಕಂಪನಿಯ ಸೆತ್ತೆ ಎಂಬ ವೈನ್. ಸಾಂಜೊವೇಸೆ ಮತ್ತು ಕ್ಯಾಬರ್ನೆ ಬೆರೆಸಿ ಮಾಡಿದ್ದು, ತಯಾರಾಗುವುದು ಸೊಲ್ಲಾಪುರ ಜಿಲ್ಲೆಯ ಅಕಲೂಜ್‌ನಲ್ಲಿ. ವಿಜಯಪುರದವರಿಗೆ ಪಕ್ಕದ ಜಿಲ್ಲೆಯದು.

ಆಡಿನ ಮಾಂಸ, ಕೊಬ್ಬು ಕಡಿಮೆ, ಪೂರ್ತಿ ಬೇಯಿಸಿದ್ದು: ಮೆರ್ಲೋ. ಮೆದುವಾಗಿದೆ, ಒಗರು ಕಡಿಮೆ. ವಿದೇಶಿ ಬಾಟಲಿಗೆ ಖರ್ಚು ಮಾಡುವವರು ಅರ್ಜೆಂಟೀನಾದ ಮೆಂಡೋಜಾದ ಮಾಲ್ಬೆಕ್ ನೋಡಿ. ಮಾಲ್ಬೆಕ್ ಮೂಲತಃ ಫ್ರಾನ್ಸ್‌ನದು, 1853ರಲ್ಲಿ ಅರ್ಜೆಂಟೀನಾಕ್ಕೆ ಹೋಯಿತು, ಅಲ್ಲಿಯ ಸುಟ್ಟ ಮಾಂಸದ ಊಟಕ್ಕೆ ಅಂಟಿಕೊಂಡೇ ಬಿಟ್ಟಿತು. ಹಣ್ಣಿನ ರುಚಿ ತುಂಬಾ, ಟ್ಯಾನಿನ್ ನಯ. ಸ್ವಲ್ಪ ಖಾರವನ್ನೂ ತಡೆದುಕೊಳ್ಳುತ್ತದೆ.

ಸ್ಪೇನ್‌ನ ರಿಯೋಹಾದಲ್ಲಿ ಎಳೆ ಕುರಿಯ ಚಾಪ್ಸ್ ಅನ್ನು ಒಣಗಿದ ದ್ರಾಕ್ಷಿ ಬಳ್ಳಿಯ ಕಡ್ಡಿಗಳ ಬೆಂಕಿಯಲ್ಲಿ ಸುಡುತ್ತಾರೆ, ಜೊತೆಗೆ ಅಲ್ಲಿಯ ಟೆಂಪ್ರಾನಿಯೊ ವೈನ್. ನನಗೆ ಇದು ಬಹಳ ಹತ್ತಿರದ ಊಟ ಅನಿಸುತ್ತದೆ. ತಿಕೋಟಾ, ಬಬಲೇಶ್ವರ ಕಡೆ ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್ ಹೊತ್ತಿಗೊಮ್ಮೆ ದ್ರಾಕ್ಷಿ ಚಾಟನಿ ಮಾಡಿದಾಗ, ಅಂದರೆ ಬಳ್ಳಿ ಕತ್ತರಿಸಿದಾಗ, ಕಡ್ಡಿ ರಾಶಿ ಬೀಳುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ತೋಟಕ್ಕೆ ಔಷಧಿ ಜಾಸ್ತಿ ಹೊಡೆದಿರುತ್ತಾರೆ, ಆ ಕಡ್ಡಿಯ ಹೊಗೆ ಊಟಕ್ಕೆ ತಾಗಬಾರದು. ಔಷಧಿ ಹೊಡೆಯದ ಮನೆ ಬಳ್ಳಿಯ ಕಡ್ಡಿ ಸಿಕ್ಕರೆ ಮಾತ್ರ ಉಪಯೋಗಿಸಿ, ಇಲ್ಲದಿದ್ದರೆ ಜಾಲಿ ಇದ್ದಿಲು ಸಾಕು.

ಅಂಗಡಿಯಲ್ಲಿ ಬಾಟಲಿ ನೋಡುವುದು

ಕೃಷ್ಣಾ ಕಣಿವೆ ಎಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ. ದ್ರಾಕ್ಷಿ ನಾಡು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದಾಗ ಈ ಕಣಿವೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆದರೂ ಇಲ್ಲಿಯ ಬಹುಪಾಲು ಬಳ್ಳಿ ಥಾಮ್ಸನ್ ಸೀಡ್‌ಲೆಸ್‌ನಂಥ ತಿನ್ನುವ ಮತ್ತು ಒಣದ್ರಾಕ್ಷಿ ಮಾಡುವ ತಳಿ. ವೈನ್ ದ್ರಾಕ್ಷಿ ಬೇರೆ: ಕಾಳು ಸಣ್ಣದು, ಬೀಜ ಇರುತ್ತದೆ, ಸಿಪ್ಪೆ ದಪ್ಪ. ನಮ್ಮ ಅಂಗಡಿಗಳಲ್ಲಿ ವಿಸ್ಕಿ, ಬಿಯರ್ ಓಡಿದಷ್ಟು ವೈನ್ ಓಡುವುದಿಲ್ಲ. ಹಾಗಾಗಿ ಬಾಟಲಿ ಶೆಲ್ಫ್‌ನಲ್ಲೇ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಬಿಸಿಗೆ ಕೂತಿರುತ್ತದೆ. ಹೆಸರಿಗಿಂತ ಮೊದಲು ಬಾಟಲಿಯ ಸ್ಥಿತಿ ನೋಡಿ.

ಎತ್ತಿ ಬೆಳಕಿಗೆ ಹಿಡಿಯಿರಿ. ಕಾರ್ಕ್ ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದ್ದರೆ ಬೇಡ. ಕುತ್ತಿಗೆಯ ಸುತ್ತ ಅಂಟು, ಕೆಂಪು ಕಲೆ ಇದ್ದರೆ ಬೇಡ. ವೈನ್ ಮಟ್ಟ ಕುತ್ತಿಗೆಯಿಂದ ಕೆಳಗೆ ಭುಜಕ್ಕೆ ಇಳಿದಿದ್ದರೆ ಬೇಡ. ಕಿಟಕಿಯ ಬಿಸಿಲಿಗೆ, ಟ್ಯೂಬ್‌ಲೈಟ್ ಕೆಳಗೆ ಇಟ್ಟ ಬಾಟಲಿ ಬಿಟ್ಟು ಒಳಗಿನದು ಕೇಳಿ. ಲೇಬಲ್ ಮೇಲಿನ ವರ್ಷ ದ್ರಾಕ್ಷಿ ಕಿತ್ತ ವರ್ಷ. ಭಾರತದಲ್ಲಿ ವೈನ್ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ನಮ್ಮ ಸಾಧಾರಣ ಬೆಲೆಯ ರೆಡ್ ವೈನ್‌ಗಳನ್ನು ಎರಡರಿಂದ ನಾಲ್ಕು ವರ್ಷದೊಳಗೆ ಕುಡಿದುಬಿಡುವುದು ಒಳ್ಳೆಯದು, ಹಳೆಯದಾದಷ್ಟೂ ರುಚಿ ಎನ್ನುವ ಮಾತು ಇವಕ್ಕೆ ಹೊಂದುವುದಿಲ್ಲ. ರಿಸರ್ವ್ ಎಂದು ಬರೆದಿದ್ದರೆ ಕಂಪನಿ ತನ್ನ ಒಳ್ಳೆಯ ಸಾಲು ಎಂದು ಹೇಳುತ್ತಿದೆ ಅಷ್ಟೇ ಎಂದುಕೊಳ್ಳಿ, ಸಾಮಾನ್ಯವಾಗಿ ಓಕ್ ರುಚಿ ಇರುತ್ತದೆ. ತಿರುಗಿಸಿ ತೆಗೆಯುವ ಮುಚ್ಚಳ ಇದ್ದರೆ ಕೀಳು ಎಂದು ತಿಳಿಯಬೇಡಿ. ನಮ್ಮ ಹವೆಗೆ ಅದೇ ವಾಸಿ, ಮನೆಯಲ್ಲಿ ಕಾರ್ಕ್ ತೆಗೆಯುವ ಸ್ಕ್ರೂ ಇಲ್ಲದವರಿಗೂ ಅದೇ ವಾಸಿ.

ಪೋರ್ಟ್ ವೈನ್ ಎಂದು ಅಗ್ಗಕ್ಕೆ ಸಿಗುವ ಬಾಟಲಿ ಸ್ಟೀಕ್‌ಗೆ ಬೇಡ. ಅದು ಸಿಹಿ. ಉಪ್ಪು ಮಾಂಸದ ಜೊತೆ ಸಿಹಿ ವೈನ್ ಹೊಟ್ಟೆ ತುಂಬಿಸುತ್ತದೆ ಹೊರತು ಬಾಯಿ ತೊಳೆಯುವುದಿಲ್ಲ. ಡ್ರೈ, ಅಂದರೆ ಸಿಹಿ ಇಲ್ಲದ್ದು, ಎಂದು ಕೇಳಿ ತೆಗೆದುಕೊಳ್ಳಿ. ಗೋವಾದಲ್ಲಿ ಅಗ್ಗ ಎಂದು ಪರವಾನಗಿ ಇಲ್ಲದೆ ಘಾಟ್ ದಾಟಿಸಿ ತರುವುದು ಅಬಕಾರಿ ಕಾನೂನಿಗೆ ವಿರುದ್ಧ, ಆ ಯೋಚನೆ ಬಿಡಿ.

ಎಷ್ಟು ಬೇಕು? 750 ಎಂಎಲ್ ಬಾಟಲಿಯಲ್ಲಿ 150 ಎಂಎಲ್‌ನ ಐದು ಗ್ಲಾಸ್. ನಾಲ್ಕು ಜನರ ಊಟಕ್ಕೆ ಒಂದು ಬಾಟಲಿ ಸಾಕು.

ತಂಪು ಮಾಡುವುದು: ಇದನ್ನು ಮಾತ್ರ ಬಿಡಬೇಡಿ

ಒಳ್ಳೆಯ ಬಾಟಲಿಯೂ ಹಾಳಾಗುವುದು ಇಲ್ಲಿ. ರೆಡ್ ವೈನ್ ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುತ್ತಾರಲ್ಲ, ಆ ಕೋಣೆ ಯುರೋಪಿನ ಹಳೆಯ ಕಲ್ಲಿನ ಮನೆಯದು, 16 ರಿಂದ 18 ಡಿಗ್ರಿ. ಬೆಳಗಾವಿಯ ಡಿಸೆಂಬರ್ ರಾತ್ರಿಯಲ್ಲೂ ಮನೆಯೊಳಗೆ ಅಷ್ಟು ತಂಪು ಅಪರೂಪ, ವಿಜಯಪುರದ ಮೇ ತಿಂಗಳನ್ನಂತೂ ಕೇಳಲೇಬೇಡಿ. ಬಿಸಿಯಾದ ವೈನ್‌ನಿಂದ ಆಲ್ಕೋಹಾಲ್ ಆವಿ ಮೊದಲು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಅದರ ಹಿಂದೆ ಮುಚ್ಚಿಹೋಗುತ್ತದೆ.

ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ ಎನ್ನುವ ಸಲಹೆ ನಮ್ಮ ಬೇಸಿಗೆಗೆ ಸಾಲದು. ಫ್ರಿಜ್‌ನ ಗಾಳಿ ಗಾಜಿನ ಬಾಟಲಿಯನ್ನು ಬಹಳ ನಿಧಾನವಾಗಿ ತಂಪು ಮಾಡುತ್ತದೆ. ಬೆಳಗಾವಿಯ ಚಳಿಗಾಲದಲ್ಲಿ ಮುಕ್ಕಾಲು ಗಂಟೆ, ಏಪ್ರಿಲ್‌ನಲ್ಲಿ ಒಂದೂವರೆ ಗಂಟೆ, ವಿಜಯಪುರದ ಬೇಸಿಗೆಯಲ್ಲಿ ಎರಡು ಗಂಟೆ ಇಡಿ. ಸಮಯ ಇಲ್ಲವೇ? ಬಕೆಟ್‌ನಲ್ಲಿ ಐಸ್ ಮತ್ತು ನೀರು ಎರಡೂ ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಿ, ಹತ್ತು ಹನ್ನೆರಡು ನಿಮಿಷ ಸಾಕು. ಬರೀ ಐಸ್ ಸಾಲದು, ನೀರಿದ್ದರೆ ಬಾಟಲಿಗೆ ಎಲ್ಲ ಕಡೆಯಿಂದ ತಂಪು ತಾಗುತ್ತದೆ. ಕೈಗೆ ಬಾಟಲಿ ತಣ್ಣಗೆ ಅನಿಸಬೇಕು, ಆದರೆ ಬಿಯರ್ ಬಾಟಲಿಯಷ್ಟು ಕೊರೆಯಬಾರದು. ತೀರಾ ತಂಪಾದರೆ ಒಗರು ಜಾಸ್ತಿ ಕಾಣುತ್ತದೆ, ಹಾಗಾದರೆ ಚಿಂತೆ ಇಲ್ಲ, ಗ್ಲಾಸಿಗೆ ಹಾಕಿ ಹತ್ತು ನಿಮಿಷ ಬಿಡಿ, ನಮ್ಮ ಹವೆಯೇ ಸರಿ ಮಾಡುತ್ತದೆ.

ಎಳೆಯ ಕ್ಯಾಬರ್ನೆ ಆಗಿದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲು ಗಾಜಿನ ಜಗ್‌ಗೆ ಸುರಿದಿಡಿ, ಗಾಳಿ ತಾಗಿ ಮೆತ್ತಗಾಗುತ್ತದೆ. ಬಾಟಲಿಯ ಕಾರ್ಕ್ ಮಾತ್ರ ತೆಗೆದಿಟ್ಟರೆ ಏನೂ ಆಗುವುದಿಲ್ಲ, ಆ ಸಣ್ಣ ಬಾಯಿಯಿಂದ ಗಾಳಿ ಎಷ್ಟು ತಾಗೀತು? ಮೊದಲ ಗುಟುಕಿಗೆ ಮುಂಚೆ ಮೂಸಿ ನೋಡಿ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ವಿನೆಗರ್ ವಾಸನೆ ಬಂದರೆ ವೈನ್ ಹುಳಿತಿದೆ, ಕುದಿಸಿದ ಜಾಮ್ ವಾಸನೆ ಬಂದರೆ ಬಿಸಿಗೆ ಬೆಂದಿದೆ. ಸ್ಟೀಲ್ ಲೋಟ ಬೇಡ, ವಾಸನೆಯೂ ತಿಳಿಯದು ಬಣ್ಣವೂ ಕಾಣದು. ಅಗಲ ಹೊಟ್ಟೆಯ ಗಾಜಿನ ಗ್ಲಾಸ್ ಯಾವುದಾದರೂ ನಡೆಯುತ್ತದೆ, ಮೂರನೇ ಒಂದು ಭಾಗ ಮಾತ್ರ ತುಂಬಿ.

ಹಂಚಿನ ಮೇಲೆ

ಜೋಳದ ರೊಟ್ಟಿ ಸುಡುವ ಕಬ್ಬಿಣದ ಹಂಚಿಗಿಂತ ಒಳ್ಳೆಯ ಸ್ಟೀಕ್ ಪ್ಯಾನ್ ಬೇಕಿಲ್ಲ. ಚಾಪ್ಸ್‌ಗೆ ಒಂದು ಗಂಟೆ ಮೊದಲು ಉಪ್ಪು ಹಚ್ಚಿ, ಹಂಚಿಗೆ ಹಾಕುವ ಮುನ್ನ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಹಸಿ ಇದ್ದರೆ ಬೇಯುತ್ತದೆ, ಕೆಂಪಗೆ ಸುಡುವುದಿಲ್ಲ. ಹಂಚು ಹೊಗೆಯಾಡುವಷ್ಟು ಕಾಯಲಿ. ಮೊದಲು ಚಿಮ್ಮಟದಿಂದ ಹಿಡಿದು ಚರಬಿಯ ಅಂಚನ್ನೇ ಹಂಚಿಗೆ ಒತ್ತಿ ನಿಲ್ಲಿಸಿ. ಚುರ್ರೆಂದು ಕರಗಿ ಎಣ್ಣೆ ಬಿಡುತ್ತದೆ, ಆ ಎಣ್ಣೆಯಲ್ಲೇ ಎರಡೂ ಬದಿ ಮೂರರಿಂದ ನಾಲ್ಕು ನಿಮಿಷ ಸುಡಿ. ಅಡುಗೆ ಥರ್ಮಾಮೀಟರ್ ಇದ್ದರೆ ಒಳಗೆ 63 ಡಿಗ್ರಿ ಬರಲಿ, ಇಳಿಸಿ ಐದು ನಿಮಿಷ ಬಿಡಿ. ಒಳಗೆ ಗುಲಾಬಿ ಬಣ್ಣ ಉಳಿದರೆ ರಸ ಉಳಿದಿದೆ, ಗಟ್ಟಿ ವೈನ್ ತಡೆಯುತ್ತದೆ. ಪೂರ್ತಿ ಬೆಂದದ್ದೇ ಬೇಕು ಎನ್ನುವವರಿದ್ದರೆ ಕ್ಯಾಬರ್ನೆ ಬಿಟ್ಟು ಮೆರ್ಲೋ, ಮಾಲ್ಬೆಕ್ ಕಡೆ ಹೋಗಿ.

ಮಾಂಸ ತಿನ್ನದವರು ಮನೆಯಲ್ಲಿದ್ದರೆ ಅದೇ ಹಂಚನ್ನು ಮೊದಲು ಅವರಿಗೆ ಬಳಸಿ. ದಪ್ಪ ಅಣಬೆ, ಅಡ್ಡ ಕೊಯ್ದ ಬದನೆಕಾಯಿ, ಬೆಣ್ಣೆ, ಮೆಣಸು. ಇದಕ್ಕೂ ಶಿರಾಜ್ ಒಪ್ಪುತ್ತದೆ.

ಪಕ್ಕಕ್ಕೆ ಏನಿಡಬೇಕು

ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ, ಸುಟ್ಟ ಉಳ್ಳಾಗಡ್ಡಿ, ಬಿಸಿ ರೊಟ್ಟಿ ಎಲ್ಲ ಚೆನ್ನಾಗಿ ಹೋಗುತ್ತವೆ. ಶೇಂಗಾ ಚಟ್ನಿ ಖಾರ ಕಡಿಮೆ ಮಾಡಿ ಇಟ್ಟರೆ ಅದರ ಎಣ್ಣೆ ಅಂಶ ವೈನ್‌ಗೆ ಒಳ್ಳೆಯದೇ. ರಂಜಕ ಮಾತ್ರ ಈ ಊಟಕ್ಕೆ ಬೇಡ, ಒಂದು ಬೆರಳು ನೆಕ್ಕಿದರೂ ಆ ಮೇಲೆ ಯಾವ ವೈನ್‌ನ ರುಚಿಯೂ ತಿಳಿಯುವುದಿಲ್ಲ.

ಕುಂದಾ ಬರುವ ಮೊದಲು ಗ್ಲಾಸ್ ಖಾಲಿ ಮಾಡಿ. ಸಿಹಿ ತಿಂದ ಬಾಯಿಗೆ ಡ್ರೈ ವೈನ್ ಹುಳಿಯಾಗಿ, ಕಹಿಯಾಗಿ ಕಾಣುತ್ತದೆ. ಕರದಂಟಿಗೂ ಇದೇ ಮಾತು. ಊಟಕ್ಕೂ ಸಿಹಿಗೂ ನಡುವೆ ನೀರು ಕುಡಿದು ಹತ್ತು ನಿಮಿಷ ಮಾತಾಡುತ್ತ ಕೂತರೆ ಎರಡರ ರುಚಿಯೂ ಉಳಿಯುತ್ತದೆ. ಕುಡಿದವರು ಗಾಡಿ ಓಡಿಸಬೇಡಿ, ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳಿ, ಗರ್ಭಿಣಿಯರಿಗೆ ಬೇಡವೇ ಬೇಡ.

ಬಾಟಲಿಯಲ್ಲಿ ಉಳಿದರೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿ ನಿಲ್ಲಿಸಿಡಿ, ಮೂರು ದಿನ ಕುಡಿಯಲು ಬರುತ್ತದೆ. ಅದೂ ದಾಟಿದರೆ ಮುಂದಿನ ವಾರದ ಮಟನ್‌ಗೆ ಈರುಳ್ಳಿ ಕೆಂಪಾದ ಮೇಲೆ ಅರ್ಧ ಕಪ್ ಸುರಿಯಿರಿ, ಕುದಿದು ಅರ್ಧಕ್ಕೆ ಇಳಿದ ಮೇಲೆ ನೀರು ಹಾಕಿ.